ಗೇರುಸಿಪ್ಪೆಯ ಎಣ್ಣೆ, ಪಲ್ಲಾಡಿಯಮ್ ಮತ್ತು ಮರುಬಳಕೆಯ ಕೋಷ್ಟಕಗಳು

ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಇಳಿದಾಗ ನನ್ನ ಪಾಲಿಗೆ ಬಂದ ವಸ್ತು ಗೇರುಬೀಜದ ಸಿಪ್ಪೆಯ ಎಣ್ಣೆ. ಮಂಗಳೂರಿನ ಸುತ್ತಮುತ್ತಲಿನ ಗೇರುಬೀಜದ ಕಾರ್ಖಾನೆಗಳಲ್ಲಿ ತಿರುಳು ತೆಗೆದ ಮೇಲೆ ಉಳಿಯುವ ಸಿಪ್ಪೆಯಿಂದ ಈ ಕಪ್ಪು ಎಣ್ಣೆ ಬರುತ್ತದೆ. ಹಿಂದೆ ಇದನ್ನು ದೋಣಿಯ ಮರ ಹಾಳಾಗದಂತೆ ಬಳಿಯುತ್ತಿದ್ದರು. ಕೈಗೆ ತಾಗಿದರೆ ಚರ್ಮ ಸುಲಿಯುವುದು ಇದರಲ್ಲಿರುವ ಅನಕಾರ್ಡಿಕ್ ಆಮ್ಲದಂತಹ ಫೀನಾಲುಗಳಿಂದ, ಅಂದರೆ ಆರು ಇಂಗಾಲಗಳ ಉಂಗುರಕ್ಕೆ OH ಗುಂಪು ಅಂಟಿದ ಸಂಯುಕ್ತಗಳಿಂದ. ಕಾಯಿಸಿದಾಗ ಆ ಆಮ್ಲವು ಕಾರ್ಬನ್ ಡೈಆಕ್ಸೈಡನ್ನು ಕಳೆದುಕೊಂಡು ಕಾರ್ಡನಾಲ್ ಆಗುತ್ತದೆ.

ಕಾರ್ಡನಾಲ್ ಎಂದರೆ ಉಂಗುರದ ಮೂರನೆಯ ಸ್ಥಾನದಲ್ಲಿ 15 ಇಂಗಾಲಗಳ ಉದ್ದನೆಯ ಸರಪಳಿಯನ್ನು ಹೊತ್ತ ಫೀನಾಲ್. ಆ ಸರಪಳಿಯಲ್ಲಿ ಒಂದು, ಎರಡು ಅಥವಾ ಮೂರು ದ್ವಿಬಂಧಗಳಿರಬಹುದು, ಒಂದೂ ಇಲ್ಲದೆಯೂ ಇರಬಹುದು. ಹೀಗಾಗಿ ಸೀಸೆಯಲ್ಲಿರುವುದು ಒಂದು ಸಂಯುಕ್ತವಲ್ಲ, ಮಿಶ್ರಣ. ಇದನ್ನು ವೇಗವರ್ಧಕವಾದ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕಾಗಿಸುವ) ಪಲ್ಲಾಡಿಯಮ್ ಲೇಪಿತ ಇದ್ದಿಲಿನ ಜೊತೆ ಹೈಡ್ರೋಜನ್ ಅನಿಲದಲ್ಲಿ ಕಲಕಿದರೆ ದ್ವಿಬಂಧಗಳೆಲ್ಲ ತುಂಬಿಕೊಂಡು ಮೇಣದಂತಹ ಬಿಳಿ ಘನವಸ್ತು, 3-ಪೆಂಟಾಡೆಸೈಲ್‌ಫೀನಾಲ್, ದೊರೆಯುತ್ತದೆ. ಈ ಹಂತದಲ್ಲಿ ನಿಜವಾದ ಎಚ್ಚರ ಬೇಕಾಗುವುದು ಸೋಸುವಾಗ. ಸೆಲೈಟ್ ಎಂಬ ಸೋಸುಪುಡಿಯ ಹಾಸಿನ ಮೇಲೆ ಉಳಿದ ಕಪ್ಪು ಪುಡಿ ಒಣಗಿ ಗಾಳಿಗೆ ತೆರೆದುಕೊಂಡರೆ ದ್ರಾವಕವಾದ ಮೆಥನಾಲ್‌ನ ಆವಿಗೆ ಥಟ್ಟನೆ ಬೆಂಕಿ ಹತ್ತುತ್ತದೆ. ಆದ್ದರಿಂದ ಕೊನೆಯ ಹನಿ ಇಳಿಯುವ ಮೊದಲೇ ದ್ರಾವಕ ಸುರಿದು ಹಾಸನ್ನು ಒದ್ದೆಯಾಗಿಯೇ ಇಟ್ಟು, ಪುಡಿಯನ್ನು ನೀರಿನೊಳಗೆ ಹಾಕಿಬಿಡಬೇಕು.

ಮುಂದಿನ ಕೆಲಸ ಈ ಫೀನಾಲನ್ನು ಟ್ರೈಫ್ಲೇಟ್ ಆಗಿಸಿ (ಅದರ OH ಗುಂಪನ್ನು ಸುಲಭವಾಗಿ ಕಳಚಿಕೊಳ್ಳುವ ಗುಂಪಾಗಿ ಬದಲಿಸಿ), ಬೋರಾನ್ ಹೊತ್ತ ಬೋರಾನಿಕ್ ಆಮ್ಲದೊಡನೆ ಸುಜುಕಿ ಜೋಡಣೆಗೆ, ಅಂದರೆ ಪಲ್ಲಾಡಿಯಮ್ ನೆರವಿನಿಂದ ಎರಡು ಅಣುಗಳ ಇಂಗಾಲಗಳನ್ನು ಬೆಸೆಯುವ ಕ್ರಿಯೆಗೆ, ಒಳಪಡಿಸುವುದು. ನಮ್ಮ ಮಳೆಗಾಲದಲ್ಲಿ ಟ್ರೈಫ್ಲೇಟ್ ಮಾಡಲು ಬೇಕಾದ ಟ್ರೈಫ್ಲಿಕ್ ಅನ್‌ಹೈಡ್ರೈಡ್‌ನ ಬಾಟಲಿ ತೆರೆದರೆ ಹೊಗೆಯಾಡುತ್ತದೆ, ತೇವ ತಾಗಿದರೆ ಕೆಡುವ ಗ್ರಿನ್ಯಾರ್ ಕ್ರಿಯೆ ಮಾಡುವವರ ಪಾಡಂತೂ ಕೇಳುವುದೇ ಬೇಡ. ಆದರೆ 1979ರಲ್ಲಿ ಅಕಿರಾ ಸುಜುಕಿ ಮತ್ತು ನೊರಿಯೊ ಮಿಯೌರಾ ಪ್ರಕಟಿಸಿದ ಈ ಜೋಡಣೆ ನೀರಿಗೆ ಅಂಜುವುದಿಲ್ಲ, ಎಷ್ಟೋ ಬಾರಿ ನೀರನ್ನೇ ಬೇಡುತ್ತದೆ. ಕರಾವಳಿಗೆ ಹೇಳಿ ಮಾಡಿಸಿದಂತಿದೆ. ಇಂತಹದೇ ಜೋಡಣೆಗಳನ್ನು ರೂಪಿಸಿದ ಹೆಕ್ ಮತ್ತು ನೆಗಿಶಿ ಅವರೊಂದಿಗೆ ಸುಜುಕಿ ಅವರಿಗೆ 2010ರ ನೊಬೆಲ್ ಬಂದಾಗ ನಮ್ಮ ಪ್ರಯೋಗಾಲಯದಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಪಲ್ಲಾಡಿಯಮ್ ದುಬಾರಿ ಲೋಹವಾದ್ದರಿಂದ ಅದನ್ನು ಸಿಲಿಕಾ ಅಥವಾ ಪಾಲಿಮರ್ ಮೇಲೆ ಕೂರಿಸಿ ಮತ್ತೆ ಮತ್ತೆ ಬಳಸುವುದು ಎಲ್ಲರ ಗುರಿ. ಇಂತಹ ಲೇಖನಗಳಲ್ಲಿ ಮರುಬಳಕೆಯ ಕೋಷ್ಟಕವೊಂದು ಇದ್ದೇ ಇರುತ್ತದೆ: ಮೊದಲ ಸಲ ಇಳುವರಿ 98 ಶೇಕಡಾ, ಐದನೆಯ ಸಲವೂ 96. ನನಗೆ ಆ ಕೋಷ್ಟಕಗಳ ಮೇಲೆ ನಂಬಿಕೆ ಕಡಿಮೆ. ಒಂದು ಗಂಟೆಯಲ್ಲಿ ಮುಗಿಯುವ ಕ್ರಿಯೆಯನ್ನು ಹನ್ನೆರಡು ಗಂಟೆ ನಡೆಸಿ ಇಳುವರಿ ಅಳೆದರೆ, ವೇಗವರ್ಧಕದ ಮುಕ್ಕಾಲು ಭಾಗ ಸತ್ತಿದ್ದರೂ ಸಂಖ್ಯೆ ಕದಲುವುದಿಲ್ಲ. ಪ್ರತಿ ಸುತ್ತಿನಲ್ಲೂ ಕ್ರಿಯೆ ಅರ್ಧಕ್ಕಿಂತ ಕಡಿಮೆ ಸಾಗಿರುವಾಗ ಮಾದರಿ ತೆಗೆದು ವೇಗವನ್ನು ಹೋಲಿಸಿದರೆ ಮಾತ್ರ ನಿಜ ಹೊರಬೀಳುತ್ತದೆ.

ಇನ್ನೊಂದು ಪರೀಕ್ಷೆ ಬಿಸಿ ಸೋಸುವಿಕೆ. ಕ್ರಿಯೆ ನಡೆಯುತ್ತಿರುವಾಗಲೇ, ತಣಿಯಲು ಬಿಡದೆ, ಘನವಸ್ತುವನ್ನು ಸೋಸಿ ತೆಗೆದು ಉಳಿದ ದ್ರಾವಣವನ್ನು ಮತ್ತೆ ಕಾಯಿಸಬೇಕು. ಕ್ರಿಯೆ ಮುಂದುವರಿದರೆ ಲೋಹ ದ್ರಾವಣಕ್ಕೆ ಇಳಿದಿದೆ, ಕೆಲಸ ಮಾಡುತ್ತಿರುವುದು ಅದೇ. ತಣಿಸಿ ಸೋಸಿದರೆ ಇಳಿದ ಪಲ್ಲಾಡಿಯಮ್ ಮರಳಿ ಘನವಸ್ತುವಿನ ಮೇಲೆ ಕೂತುಬಿಡಬಹುದು, ಆಗ ಪರೀಕ್ಷೆಯೇ ಸುಳ್ಳು ಹೇಳುತ್ತದೆ. ಎಷ್ಟು ಕಡಿಮೆ ಲೋಹ ಸಾಕು ಎಂಬುದಕ್ಕೆ ರಸಾಯನಶಾಸ್ತ್ರಜ್ಞ ನಿಕೋಲಸ್ ಲೆಡ್‌ಬೀಟರ್ ತಂಡದ ಅನುಭವವೇ ಸಾಕ್ಷಿ. 2003ರಲ್ಲಿ ಲೋಹವೇ ಇಲ್ಲದ ಸುಜುಕಿ ಜೋಡಣೆಯನ್ನು ವರದಿ ಮಾಡಿದ ಆ ತಂಡ, ತಾವು ಬಳಸಿದ ಸೋಡಿಯಂ ಕಾರ್ಬೊನೇಟ್‌ನಲ್ಲಿ ಶತಕೋಟಿಗೆ 50 ಭಾಗದಷ್ಟು ಪಲ್ಲಾಡಿಯಮ್ ಇದ್ದು ಅದೇ ಕ್ರಿಯೆ ನಡೆಸಿರಬಹುದೆಂದು 2005ರಲ್ಲಿ ತಾನೇ ಪ್ರಕಟಿಸಿತು. ಮೊದಲ ಲೇಖನಕ್ಕಿಂತ ಎರಡನೆಯದನ್ನೇ ನಾನು ಹೊಸ ವಿದ್ಯಾರ್ಥಿಗಳಿಗೆ ಓದಲು ಕೊಡುವುದು.

ಇದೆಲ್ಲ ಬರಿಯ ಶಾಸ್ತ್ರಚರ್ಚೆಯಲ್ಲ. ನಮ್ಮಲ್ಲಿ ಕಲಿತವರಲ್ಲಿ ಬಹುಪಾಲು ಬೆಂಗಳೂರು, ಹೈದರಾಬಾದ್‌ಗಳ ಔಷಧ ಕಂಪನಿಗಳಿಗೆ ಹೋಗುತ್ತಾರೆ. ಬಾಯಿಯ ಮೂಲಕ ತೆಗೆದುಕೊಳ್ಳುವ ಔಷಧದಿಂದ ದಿನಕ್ಕೆ 100 ಮೈಕ್ರೋಗ್ರಾಂಗಿಂತ ಹೆಚ್ಚು ಪಲ್ಲಾಡಿಯಮ್ ದೇಹಕ್ಕೆ ಸೇರಬಾರದೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಅಲ್ಲಿ ಇಳುವರಿಯ ಜೊತೆಗೆ ಉತ್ಪನ್ನದಲ್ಲಿ ಎಷ್ಟು ಲೋಹ ಉಳಿದಿದೆ ಎಂದೂ ಕೇಳುತ್ತಾರೆ, ಆ ಅಂಕಿಯನ್ನು ನಮ್ಮ ವಿದ್ಯಾರ್ಥಿಗಳು ಪ್ರಬಂಧದಲ್ಲೇ ಬರೆದಿರಬೇಕೆಂದು ನಾನು ಹಟ ಹಿಡಿಯುತ್ತೇನೆ.