ನಾವು ಬಿಟ್ಟುಬಂದವನು ಕೆಟ್ಟವನೇ ಆಗಿರಬೇಕೆ?

14 ಜುಲೈ 2024, ಭಾನುವಾರ ರಾತ್ರಿ
ಶಿವಮೊಗ್ಗ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಪೇಟೆಗೆ ಕಳಲೆ ಬಂದಿದೆಯೆಂದು ಯಾರೋ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದರಂತೆ, ಇವತ್ತೇ ತರಬೇಕೆಂದು ಹಟ. ಗಾಂಧಿಬಜಾರಿನಲ್ಲಿ ಅಂಗಡಿಯೊಂದರ ತಗಡಿನ ಮಾಡಿನ ಕೆಳಗೆ ನಿಂತು ಕಳಲೆ ಆರಿಸುತ್ತಿದ್ದೆ. ಪಕ್ಕದಲ್ಲಿ ಕೊಡೆ ಮಡಚುತ್ತಿದ್ದವರು "ಎಳೆಯದು ಇದೆಯೇನಮ್ಮ?" ಎಂದು ಮಾರುವವಳನ್ನು ಕೇಳಿದರು. ತಿರುಗಿ ನೋಡುವ ಮೊದಲೇ ದನಿಯ ಗುರುತು ಹತ್ತಿತು.

ಅವರೂ ನನ್ನನ್ನು ನೋಡಿದರು. ಒಂದು ಗಳಿಗೆ ಸುಮ್ಮನಿದ್ದು, "ಅಮ್ಮ ಹೇಗಿದ್ದಾರೆ?" ಎಂದರು.

"ಚೆನ್ನಾಗಿದ್ದಾರೆ."

"ಮಂಡಿನೋವು ಎಂದು ಯಾರೋ ಹೇಳಿದ್ದರು."

"ಈಗ ಪರವಾಗಿಲ್ಲ. ಕೋಲು ಹಿಡಿದು ಓಡಾಡುತ್ತಾರೆ."

ಇಷ್ಟೇ ಮಾತು. ಅವರ ಅಂಗಿಯ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಕನ್ನಡಕವಿತ್ತು, ಮಳೆಗೆ ನೆನೆಯದಂತೆ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿದ್ದರು. ಕೂದಲು ಪೂರ್ತಿ ನರೆತಿದೆ. ಮಾರುವವಳ ಹತ್ತಿರ ಚಿಲ್ಲರೆ ಇರಲಿಲ್ಲ. ಅವಳು ಮೂರು ಅಂಗಡಿ ಸುತ್ತಿ ಬರುವವರೆಗೂ ಅವರು ಮಳೆ ನೋಡುತ್ತ ನಿಂತಿದ್ದರು. ನಾನು ಮೊದಲು ಹೊರಟುಬಂದೆ.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಪುಟ್ಟಿ ಹಾಸಿಗೆಯ ಮೇಲೆ ಕಾಲು ಮಡಚಿ ಕುಳಿತು, "ಚಿಕ್ಕಮ್ಮ, ಐದೂ ಮುಗಿಯಿತಾ? ಹೇಳು ಈಗ" ಎಂದಳು. ಯುಗಾದಿಗೆ ಬಂದಾಗ ಅವಳು ಬಿಟ್ಟುಹೋದ ಪುಸ್ತಕಗಳು, ಸಾರಾ ಜೆ. ಮಾಸ್ ಎಂಬ ಅಮೆರಿಕದ ಲೇಖಕಿ ಬರೆದ ಮಾಯಾಲೋಕದ ಪ್ರೇಮಕಥೆಗಳು. 2015ರಲ್ಲಿ ಬಂದ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್‌'ನಿಂದ ಹಿಡಿದು 2021ರ ಐದನೆಯದರವರೆಗೆ. ಅವಳ ಕಚೇರಿಯ ಹುಡುಗಿಯರೆಲ್ಲ ಇವನ್ನೇ ಓದುತ್ತಾರಂತೆ. ನಾನೂ ಆಸೆಪಟ್ಟು ಓದಿದೆ, ಎರಡು ರಾತ್ರಿ ನಿದ್ದೆ ಕೆಟ್ಟೆ. ಆದರೆ ಎರಡನೆಯ ಪುಸ್ತಕದಿಂದ ಏನೋ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅದನ್ನೇ ಅವಳಿಗೆ ಹೇಳಿದೆ. "ಆ ಟ್ಯಾಮ್ಲಿನ್‌ನನ್ನು ಹಾಗೆ ಮಾಡಬಾರದಿತ್ತು."

ಪುಟ್ಟಿ ಎದ್ದು ಕುಳಿತಳು. "ಅವನ ಪರ ವಹಿಸುತ್ತೀಯಾ?"

ಓದದವರಿಗೆ ಸ್ವಲ್ಪ ಹೇಳಬೇಕು. ಫೇರ ಎಂಬ ಬಡ ಹುಡುಗಿ, ಹತ್ತೊಂಬತ್ತು ವರ್ಷ, ಓದು ಬರಹ ಬಾರದವಳು, ಬೇಟೆಯಾಡಿ ಅಪ್ಪನನ್ನೂ ಇಬ್ಬರು ಅಕ್ಕಂದಿರನ್ನೂ ಸಾಕುತ್ತಿರುತ್ತಾಳೆ. ಕಾಡಿನಲ್ಲಿ ತೋಳವೊಂದನ್ನು ಕೊಲ್ಲುತ್ತಾಳೆ, ಅದು ತೋಳವಾಗಿರುವುದಿಲ್ಲ, ತೋಳದ ರೂಪದಲ್ಲಿದ್ದ ಮಾಯಾಲೋಕದವನು. ಅದಕ್ಕೆ ದಂಡವಾಗಿ ಮೃಗರೂಪದಲ್ಲಿ ಬಂದ ಟ್ಯಾಮ್ಲಿನ್ ಅವಳನ್ನು ತನ್ನ ವಸಂತದ ನಾಡಿಗೆ ಕರೆದೊಯ್ಯುತ್ತಾನೆ. ಅವನ ಮೇಲೆ 49 ವರ್ಷದ ಗಡುವಿನ ಶಾಪ. ಮನುಷ್ಯಳೊಬ್ಬಳು ಮನಸಾರೆ 'ನಿನ್ನನ್ನು ಪ್ರೀತಿಸುತ್ತೇನೆ' ಎಂದರೆ ಮಾತ್ರ ಬಿಡುಗಡೆ. ಗಡುವು ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿದೆ ಎನ್ನುವಾಗ, ಆ ಮಾತನ್ನು ಅವಳಿಂದ ಹೇಳಿಸಿಕೊಳ್ಳದೆ, ಅವಳ ಜೀವ ಉಳಿಯಲೆಂದು ಮನೆಗೆ ಕಳುಹಿಸಿಬಿಡುತ್ತಾನೆ. ತನ್ನ ನಾಡಿನ ಬಿಡುಗಡೆಯನ್ನೇ ಕೈಬಿಟ್ಟವನು ಅವನು. ಓದಲು ಬಾರದೆ ಅವಳು ಪಟ್ಟಿ ಮಾಡಿಟ್ಟಿದ್ದ ಪದಗಳನ್ನೇ ಹೆಣೆದು ತುಂಟ ಪದ್ಯಗಳನ್ನು ಬರೆದು ಅವಳನ್ನು ನಗಿಸುತ್ತಾನೆ. ಆ ಪುಟದ ಅಂಚನ್ನು ನಾನು ಮಡಚಿಟ್ಟಿದ್ದೆ.

ಎರಡನೆಯ ಪುಸ್ತಕಕ್ಕೆ ಬಂದರೆ ಅದೇ ಮನುಷ್ಯ ಅವಳನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಸಿಟ್ಟು ಬಂದಾಗ ಅವನ ಶಕ್ತಿ ಸಿಡಿದು ಕೋಣೆಯೇ ನುಚ್ಚುನೂರಾಗುತ್ತದೆ. ಕೊನೆಗೊಂದು ದಿನ ಮಾಯೆಯ ಕವಚ ಹಾಕಿ ಅವಳನ್ನು ಮನೆಯೊಳಗೇ ಕೂಡಿಹಾಕುತ್ತಾನೆ. ಅವಳು ಉಸಿರು ಕಟ್ಟಿ ನೆಲಕ್ಕೆ ಕುಸಿಯುವ ಆ ಪುಟಗಳು ಸುಳ್ಳಲ್ಲ. ಅಂಥ ಮನೆಗಳನ್ನು ನಾನು ನೋಡಿದ್ದೇನೆ.

"ನೋಡಿದ್ದೀಯಲ್ಲ, ಮತ್ತೇನು?" ಎಂದಳು ಪುಟ್ಟಿ.

"ಅವನ ಕಣ್ಣೆದುರೇ ಅವಳು ಸತ್ತು ಬದುಕಿದವಳು ಪುಟ್ಟಿ. ಅವನಿಗೆ ಭಯ."

"ಭಯವಿದ್ದರೆ ಬಾಗಿಲು ಹಾಕಿಬಿಡಬಹುದಾ?"

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಹಾಕಬಾರದು. ಅವಳು ಹೊರಟುಹೋದದ್ದು ಸರಿ. ನನ್ನ ತಕರಾರು ಬೇರೆ ಕಡೆ ಇದೆ, ಅದನ್ನು ಅವಳಿಗೆ ಬಿಡಿಸಿ ಹೇಳಲು ಮಧ್ಯಾಹ್ನವೆಲ್ಲ ತಡವರಿಸಿದೆ. ಎರಡನೆಯ ಪುಸ್ತಕದಲ್ಲಿ ಅವಳ ಹೊಸ ಪ್ರಿಯನಾಗುವ ರೀಸ್ಯಾಂಡ್ ಮೊದಲ ಪುಸ್ತಕದಲ್ಲಿ ಮಾಡಿದ್ದೇನು ಕಡಿಮೆಯೇ? ಗಾಯಗೊಂಡ ಅವಳ ತೋಳನ್ನು ತಿರುಚಿ ಒಪ್ಪಂದಕ್ಕೆ ಒಪ್ಪಿಸುತ್ತಾನೆ. ರಾತ್ರಿ ರಾತ್ರಿ ಮದ್ದಿನ ಮದ್ಯ ಕುಡಿಸಿ ಸಭೆಯಲ್ಲಿ ಕುಣಿಸುತ್ತಾನೆ. ಮುಂದಿನ ಪುಸ್ತಕದಲ್ಲಿ ಅದಕ್ಕೆಲ್ಲ ಕಾರಣ ಸಿಗುತ್ತದೆ, ಅವಳನ್ನು ಕಾಪಾಡಲೆಂದೇ ಹಾಗೆ ಮಾಡಿದನಂತೆ. ಅವಳಿಗೆ ಓದು ಬರಹ ಕಲಿಸುವವನೂ ಅವನೇ. ಒಬ್ಬನ ತಪ್ಪನ್ನು ಹಿಂದಕ್ಕೆ ಹೋಗಿ ತೊಳೆಯುತ್ತಾರೆ, ಇನ್ನೊಬ್ಬನ ತಪ್ಪನ್ನು ಹಿಂದಕ್ಕೆ ಹೋಗಿ ಹುಡುಕುತ್ತಾರೆ. ಮೊದಲ ಪುಸ್ತಕದಲ್ಲಿ ನಾನು ಕಣ್ಣಾರೆ ಕಂಡು ನಂಬಿದ ಪ್ರೀತಿಯನ್ನು, 'ನೀನು ಸರಿಯಾಗಿ ನೋಡಲಿಲ್ಲ' ಎಂದು ಲೇಖಕಿ ನನ್ನ ಕೈಯಿಂದ ಕಿತ್ತುಕೊಂಡ ಹಾಗಾಯಿತು.

ಅವಳು ಅವನನ್ನು ಬಿಡಲು ಅವನು ಅಷ್ಟು ಕೆಟ್ಟವನಾಗಲೇಬೇಕಿತ್ತೇ? ಅವಳು ಸಾವನ್ನು ದಾಟಿ ಬಂದವಳು, ಬದಲಾದವಳು. 'ನಾನು ಈಗ ಬೇರೆಯವಳು, ನಿನ್ನ ಜೊತೆ ಇರಲಾರೆ' ಎಂದರೆ ಸಾಲದೆ?

ಸಾಲದು ಎಂದುಕೊಂಡವರೇ ಈ ಕಥೆಗಳಲ್ಲಿ ಹೆಚ್ಚು. ಬಿಟ್ಟ ಗಂಡಿಗೆ ಒಂದೋ ದುಷ್ಟತನ ಕಟ್ಟುತ್ತಾರೆ, ಇಲ್ಲ ಅವಸರದಲ್ಲಿ ಇನ್ನೊಂದು ಜೋಡಿ ಹುಡುಕಿ ಕೈತೊಳೆದುಕೊಳ್ಳುತ್ತಾರೆ. 2008ರ 'ಬ್ರೇಕಿಂಗ್ ಡಾನ್‌'ನಲ್ಲಿ ನಾಯಕಿ ಒಲ್ಲೆನೆಂದ ಜೇಕಬ್‌ನ ಮನಸ್ಸನ್ನು ಅವಳಿಗೆ ಆಗತಾನೇ ಹುಟ್ಟಿದ ಮಗುವಿಗೇ ಕಟ್ಟಿಹಾಕಿದ್ದನ್ನು ಓದಿ, ಪುಸ್ತಕ ಮುಚ್ಚಿ ಎದ್ದುಹೋಗಿದ್ದೆ. ಪುಟ್ಟಿಗೂ ಅದು ಸಹಿಸಲಾಗದ್ದು, ಅಲ್ಲಿ ನಾವಿಬ್ಬರೂ ಒಂದೇ.

ಮಾಸ್‌ಗೆ ಬೇರೆ ರೀತಿ ಬರೆಯಲು ಬರುವುದಿಲ್ಲ ಎಂದಲ್ಲ. ಪುಟ್ಟಿಯೇ ಎತ್ತಿ ಹೇಳಿದಳು. 2012ರಲ್ಲಿ ಶುರುವಾದ ಅವರ ಇನ್ನೊಂದು ಸರಣಿ 'ಥ್ರೋನ್ ಆಫ್ ಗ್ಲಾಸ್‌'ನಲ್ಲಿ ನಾಯಕಿ ಸೆಲೇನಾ, ರಾಜಕುಮಾರ ಡೋರಿಯನ್‌ನ ಕೈ ಬಿಡುತ್ತಾಳೆ, ಇಬ್ಬರೂ ಸ್ನೇಹಿತರಾಗಿ ಉಳಿಯುತ್ತಾರೆ, ಅವನ ಮೇಲೆ ಒಂದು ಕಪ್ಪು ಚುಕ್ಕೆಯನ್ನೂ ಇಡಬೇಕಾಗಿ ಬರಲಿಲ್ಲ. ಆಮೇಲೆ ಬಂದ ಕಾವಲು ದಳದ ನಾಯಕ ಕೇಯಲ್‌ನ ಪಾಡು ಹಾಗಾಗಲಿಲ್ಲ. ಅವಳು ಅವನಿಂದ ದೂರವಾದ ಮೇಲೆ ಅವನ ಮಾತು ಪುಟದಿಂದ ಪುಟಕ್ಕೆ ಕಹಿಯಾಗುತ್ತ ಹೋಯಿತು. ಆದರೂ 2017ರಲ್ಲಿ 'ಟವರ್ ಆಫ್ ಡಾನ್' ಎಂದು ಒಂದು ಇಡೀ ಪುಸ್ತಕವನ್ನು ಅವನಿಗೆ ಬರೆದುಕೊಟ್ಟರು. ಗಾಲಿಕುರ್ಚಿಯಲ್ಲಿ ಕುಳಿತ ಅವನನ್ನು ದೂರದ ನಾಡಿಗೆ ಚಿಕಿತ್ಸೆಗೆ ಕಳುಹಿಸಿ, ವೈದ್ಯೆಯೊಬ್ಬಳ ಎದುರು ಕೂರಿಸಿ, ಅವನ ಒಳಗನ್ನು ಅವನೇ ನೋಡಿಕೊಳ್ಳುವಂತೆ ಮಾಡಿದರು. ಅದನ್ನು ನಾನು ಇನ್ನೂ ಓದಿಲ್ಲ, ಪುಟ್ಟಿ ಹೇಳಿದ್ದು. ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು.

"ಆದರೆ ಟ್ಯಾಮ್ಲಿನ್ ಹಾಗಲ್ಲ ಚಿಕ್ಕಮ್ಮ. ಅವನ ಸಿಟ್ಟು ಮೊದಲಿನಿಂದಲೂ ಇತ್ತು, ಮೊದಲ ಪುಸ್ತಕದಲ್ಲೇ ಅವಳ ಕುತ್ತಿಗೆ ಕಚ್ಚುತ್ತಾನೆ. ನಮಗೆ ಆಗ ಕಾಣಲಿಲ್ಲ ಅಷ್ಟೇ. ನಿನಗೆ ಇದು ಗೊತ್ತಿರಬೇಕಲ್ಲ, ನೀನೂ ಅಂಥ ಸಿಟ್ಟಿನವರನ್ನು ಬಿಟ್ಟುಬಂದವಳು ತಾನೆ?"

ಅಮ್ಮ ಅಡುಗೆಮನೆಯಲ್ಲಿ ಈಳಿಗೆಮಣೆಯ ಮುಂದೆ ಕುರ್ಚಿ ಹಾಕಿಸಿಕೊಂಡು ನನಗೆ ಕಳಲೆ ಹೆಚ್ಚಲು ಹೇಳಿಕೊಡುವ ತಯಾರಿಯಲ್ಲಿದ್ದರು. ನಾನು ಎದ್ದುಹೋದೆ.

ಪುಟ್ಟಿ ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ. ಅವಳು ಕೇಳಿ ಬೆಳೆದದ್ದು ಮನೆಯವರು ಹೇಳಿದ ಕಥೆ. ನಡೆದದ್ದನ್ನು ನಾನು ಯಾವತ್ತೂ ಎಲ್ಲಿಯೂ ಬರೆದಿಲ್ಲ, ಇವತ್ತು ಬರೆಯುತ್ತೇನೆ.

1999. ನಿಶ್ಚಿತಾರ್ಥವಾಗಿತ್ತು, ಛತ್ರಕ್ಕೆ ಮುಂಗಡ ಕೊಟ್ಟಾಗಿತ್ತು. ಒಮ್ಮೆ ಅವರ ಮನೆಯವರೂ ನಮ್ಮ ಮನೆಯವರೂ ಸೇರಿ ಸೀರೆ ತರಲು ಹೋಗಿ ಹೋಟೆಲಿನಲ್ಲಿ ಕುಳಿತಿದ್ದೆವು. ಕಾಫಿ ತಂದ ಹುಡುಗನ ಕೈ ಜಾರಿ ಲೋಟ ಅವರ ತೊಡೆಯ ಮೇಲೆ ಬಿತ್ತು. ಬಿಸಿ ಕಾಫಿ. ಅವರು ಎದ್ದು ನಿಂತು, "ನೋಡಿಕೊಂಡು ಇಡಬಾರದೇನಪ್ಪ" ಎಂದರು. ದನಿ ಸ್ವಲ್ಪ ಏರಿತ್ತು. ಆಮೇಲೆ ಕರವಸ್ತ್ರದಿಂದ ಒರೆಸಿಕೊಂಡು ಕುಳಿತರು. ಅಷ್ಟೇ.

ನನಗೆ ಮದುವೆ ಬೇಡವೆನಿಸಿದ್ದಕ್ಕೂ ಆ ಕಾಫಿಗೂ ಸಂಬಂಧವಿರಲಿಲ್ಲ. ಅವರ ಜೊತೆ ಕುಳಿತಾಗ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಒಳ್ಳೆಯವರು ಎಂಬುದು ತಿಳಿಯುತ್ತಿತ್ತು, ಆದರೂ ಅವರೊಡನೆ ಬಾಳುವುದನ್ನು ಎಣಿಸಿಕೊಂಡರೆ ಎದೆ ಭಾರವಾಗುತ್ತಿತ್ತು. ಬೇಡ ಎಂದೆ. "ಯಾಕೆ?" ಎಂದು ಅಪ್ಪ ಕೇಳಿದರು, ಅತ್ತೆ ಕೇಳಿದರು, ಸೋದರಮಾವ ಕೇಳಿದರು. ಬೇಡ ಎನ್ನುವುದು ಕಾರಣವಾಗಲಿಲ್ಲ. ಆಗ ಅಕ್ಕನಿಗೆ ಆ ಕಾಫಿ ನೆನಪಾಯಿತು.

ಮೊದಲ ಸಲ ಹೇಳಿದಾಗ ಅವರು ಹುಡುಗನನ್ನು ಗದರಿಸಿದ್ದರು. ಅತ್ತೆಯ ಬಾಯಲ್ಲಿ ಅವರು ಲೋಟ ಬಿಸಾಡಿದರು. ಸಾಗರದ ನೆಂಟರ ಮನೆ ಮುಟ್ಟುವಷ್ಟರಲ್ಲಿ ಅವರು ಹುಡುಗನ ಮೇಲೆ ಕೈಮಾಡಿದ್ದರು. "ಮೂಗಿನ ತುದಿಯಲ್ಲೇ ಸಿಟ್ಟು, ಸದ್ಯ, ದೇವರು ಕಾಪಾಡಿದ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು, ಹೇಳುತ್ತ ಹೇಳುತ್ತ ಅಮ್ಮನೂ ನಂಬಿದರು. ನಾನು ಕೋಣೆಯೊಳಗೆ ಕುಳಿತು ಎಲ್ಲ ಕೇಳಿಸಿಕೊಂಡೆ. ಒಂದು ಸಲವಾದರೂ ಹೊರಗೆ ಬಂದು 'ಹಾಗಲ್ಲ' ಎನ್ನಲಿಲ್ಲ. ಎಂದಿದ್ದರೆ ನನ್ನನ್ನು ಮತ್ತೆ ಆ ಮಂಟಪಕ್ಕೆ ಹತ್ತಿಸುತ್ತಿದ್ದರು ಎಂಬ ಭಯ ನನಗೂ ಇತ್ತು. ಆಮೇಲೆ ನಾಲ್ಕೈದು ವರ್ಷ ಅವರಿಗೆ ಹೆಣ್ಣು ಸಿಗಲಿಲ್ಲ ಎಂದು ಕೇಳಿದ್ದೆ.

ಅಜ್ಜಿ ಒಬ್ಬರೇ "ಋಣ ಇರಲಿಲ್ಲ, ಬಿಡಿ" ಎಂದದ್ದು. ಎಷ್ಟು ದೊಡ್ಡ ಮಾತು ಅದು. ಅದರಲ್ಲಿ ಅವರೂ ಕೆಟ್ಟವರಾಗಬೇಕಿಲ್ಲ, ನಾನೂ ಆಗಬೇಕಿಲ್ಲ. ಮಾಸ್‌ನ ಕಥೆಯಲ್ಲೂ ಋಣಾನುಬಂಧದಂಥದ್ದೇ ಒಂದು ಇದೆ, ಫೇರಳಿಗೂ ರೀಸ್ಯಾಂಡ್‌ಗೂ ವಿಧಿಯೇ ಬೆಸೆದ ನಂಟು. ಆದರೆ ಅಲ್ಲಿ ಅದು ಕೂಡುವವರಿಗೆ ಮಾತ್ರ. ಕೂಡದೆ ಉಳಿದವನಿಗೆ ಆ ಮಾತಿನ ನೆರಳು ಸಿಗುವುದಿಲ್ಲ.

ಚಿಕ್ಕವಳಿದ್ದಾಗ ಅಜ್ಜಿಯ ಜೊತೆ 'ಭೀಷ್ಮ ವಿಜಯ' ಆಟ ನೋಡಲು ಹೋಗುತ್ತಿದ್ದೆ. ಸಾಲ್ವ ಒಲ್ಲೆನೆಂದು, ಭೀಷ್ಮನೂ ಒಲ್ಲೆನೆಂದು, ಅಂಬೆ ರಂಗದ ನಡುವೆ ಒಬ್ಬಳೇ ನಿಲ್ಲುತ್ತಾಳೆ. ಭಾಗವತರು ಅವಳಿಗಾಗಿ ಎಷ್ಟೊಂದು ಪದ ಹಾಡುತ್ತಿದ್ದರು. ಬೇಡವಾದವಳ ಪಾಲಿಗೆ ಅಷ್ಟು ಹೊತ್ತು, ಅಷ್ಟು ಚೆಂಡೆ, ಮದ್ದಳೆ. ನಿದ್ದೆ ತೂಗುತ್ತಿದ್ದವರೂ ಎಚ್ಚರಾಗುತ್ತಿದ್ದರು.

ಟ್ಯಾಮ್ಲಿನ್‌ಗೆ ಸಿಕ್ಕಿದ್ದು ನಾಲ್ಕಾರು ಪುಟ. 2018ರ ನಾಲ್ಕನೆಯ ಪುಸ್ತಕದಲ್ಲಿ ಆಳುಕಾಳುಗಳೆಲ್ಲ ಬಿಟ್ಟುಹೋದ ಹಾಳುಮನೆಯಲ್ಲಿ ಅವನೊಬ್ಬನೇ ಇರುತ್ತಾನೆ. ನೋಡಲು ಬರುವವನು ರೀಸ್ಯಾಂಡ್, ಅವಳನ್ನು ಪಡೆದವನು. ಅವನೇ ಒಲೆ ಹೊತ್ತಿಸಿ ಮಾಂಸ ಬೇಯಿಸಿ ಮುಂದಿಟ್ಟು ತಿನ್ನಲು ಹೇಳುತ್ತಾನೆ. ಐದೂ ಪುಸ್ತಕಗಳಲ್ಲಿ ನನ್ನನ್ನು ಅಳಿಸಿದ್ದು ಆ ಜಾಗ. ಐದನೆಯದಕ್ಕೆ ಬಂದರೆ ಅವನು ಮತ್ತೆ ಮೃಗವಾಗಿ ತನ್ನ ಕಾಡಿನಲ್ಲಿ ಅಲೆಯುತ್ತಿದ್ದಾನೆಂಬ ಸುದ್ದಿ ಮಾತ್ರ. ಸುಂದರಿ ಬಂದು ಮೃಗವನ್ನು ಮನುಷ್ಯನನ್ನಾಗಿಸಿದ ಕಥೆಯಾಗಿ ಶುರುವಾದದ್ದು ಇದು.

ಪುಟ್ಟಿ ಸಂಜೆ ಏಳರ ಬಸ್ಸಿಗೆ ಹೊರಟಳು. ಹೋಗುವಾಗ 'ಟವರ್ ಆಫ್ ಡಾನ್' ಮೇಜಿನ ಮೇಲಿಟ್ಟು, "ಬೇಜಾರಾಯಿತಾ ಚಿಕ್ಕಮ್ಮ? ಆ ವಿಷಯ ಎತ್ತಬಾರದಿತ್ತು" ಎಂದಳು. ಇಲ್ಲ ಎಂದೆ. ಅವಳ ಮುಖ ನೋಡಿದರೆ ಅವಳಿಗೂ ನನ್ನ ಹತ್ತಿರ ಏನೋ ಹೇಳುವುದಿತ್ತು ಎನಿಸಿತು. ಬೆಂಗಳೂರಿನ ಆ ಹುಡುಗನ ವಿಷಯವೇ ಇರಬಹುದು, ಎರಡು ತಿಂಗಳಿಂದ ಅವನ ಹೆಸರು ಅವಳ ಬಾಯಲ್ಲಿ ಬರುತ್ತಿಲ್ಲ. ಕೇಳಬೇಕಿತ್ತು. ಕೊಡೆ, ಚೀಲ, ಆಟೋ ಎನ್ನುವ ಗಡಿಬಿಡಿಯಲ್ಲಿ ಬಿಟ್ಟುಹೋಯಿತು.

ಅಡುಗೆಮನೆಯಲ್ಲಿ ಕಳಲೆ ನೀರಿನಲ್ಲಿದೆ. ಮೂರು ದಿನ ನೆನೆಯಬೇಕು, ದಿನಕ್ಕೊಂದು ಸಲ ನೀರು ಬದಲಿಸಬೇಕು. ಮಲಗುವ ಮುಂಚೆ ಅಮ್ಮ, "ಪೇಟೆಯಲ್ಲಿ ಯಾರಾದರೂ ಸಿಕ್ಕಿದ್ದರೇನೇ?" ಎಂದು ಕೇಳಿದರು. ಅವರು ದಿನಾ ಕೇಳುವ ಮಾತೇ ಅದು. ಯಾರೂ ಇಲ್ಲ ಎಂದುಬಿಟ್ಟೆ. ನಾಳೆ ನೀರು ಬದಲಿಸುವಾಗ ಹೇಳಬೇಕು. ಅಮ್ಮ ಹೇಗಿದ್ದಾರೆ ಎಂದು ಮೊದಲು ಕೇಳಿದ್ದು ಅವರೇ ಎಂದು, ಆ ಹೋಟೆಲಿನ ಹುಡುಗನಿಗೆ ಅವತ್ತು ಅವರು ಅಂದದ್ದು ಇಷ್ಟೇ ಎಂದು. ಎಂಬತ್ತೊಂದು ವರ್ಷದ ಅಮ್ಮನಿಗೆ ಈಗ ಅದನ್ನು ಹೇಗೆ ಹೇಳಲಿ?