ಅರ್ಧ ದೋಸೆ

ಭಾನುವಾರ, 6 ಏಪ್ರಿಲ್ 2025, ದಾವಣಗೆರೆ

ರಾಮನವಮಿ. ಮಧ್ಯಾಹ್ನ ಸುಮಾ ಬಂದಿದ್ದಳು, ಡಬ್ಬಿ ತುಂಬಾ ಕೋಸಂಬರಿ ಹಿಡಿದುಕೊಂಡು. ನಾನು ಪಾನಕ ಕೊಟ್ಟೆ.

"ಬ್ಯಾಡ ಕಣೇ, ಉಪವಾಸ."

"ಪಾನಕಕ್ಕೇನೇ ಉಪವಾಸ?"

"ತಣ್ಣಗೈತಿ, ಹಲ್ಲು ಜುಮ್ ಅಂತಾವೆ."

ಡಬ್ಬಿ ಇಸಿದುಕೊಳ್ಳುವಾಗ ಅವಳ ಬಲಗೈ ಕಂಡಿತು. ತೋರುಬೆರಳು, ನಡುಬೆರಳಿನ ಗೆಣ್ಣಿನ ಮೇಲೆ ಚರ್ಮ ಗಟ್ಟಿಯಾಗಿ ಕಪ್ಪಾಗಿದೆ. ಏನೇ ಇದು ಅಂದೆ. "ಬಾಣಲಿ ತಾಗ್ತು." ಎರಡೂ ಬೆರಳಿಗೆ, ಅದೇ ಜಾಗಕ್ಕೆ? ಕೈ ಸೆರಗಿನೊಳಗೆ ಹೋಯಿತು. ಆಮೇಲೆ ಮಕ್ಕಳ ಪರೀಕ್ಷೆಯ ಮಾತು.

ಹಿಂದೊಮ್ಮೆ ಓದಿದ್ದೆ. ಬೆರಳು ಹಾಕಿ ವಾಂತಿ ಮಾಡುವವರ ಗೆಣ್ಣಿಗೆ ಹಲ್ಲು ತಾಗಿ ತಾಗಿ ಹೀಗಾಗುತ್ತದಂತೆ. 1979ರಲ್ಲಿ ಲಂಡನ್ನಿನ ಡಾಕ್ಟರ್ ರಸೆಲ್ ಬುಲಿಮಿಯಾ (ಮಿತಿಮೀರಿ ತಿಂದು, ದಪ್ಪಗಾಗುವ ಭಯಕ್ಕೆ ವಾಂತಿ ಮಾಡಿಕೊಳ್ಳುವ ಕಾಯಿಲೆ) ಬಗ್ಗೆ ಬರೆಯುವಾಗ ಗುರುತಿಸಿದ್ದು. ಹೊಟ್ಟೆಯ ಆಮ್ಲಕ್ಕೆ ಹಲ್ಲು ಸವೆಯುತ್ತದೆ, ಕೆನ್ನೆಯ ಗ್ರಂಥಿ ಊದುತ್ತದೆ. ತೂಕ ಮಾತ್ರ ಮಾಮೂಲಾಗೇ ಇರಬಹುದು, ಹಾಗಾಗಿ ಯಾರಿಗೂ ಅನುಮಾನ ಬರಲ್ಲ.

ಸುಮಾ ಕೂಡ ಕಡ್ಡಿಯಾಗಿಲ್ಲ. ತುಸು ಇಳಿದಿದ್ದಾಳೆ ಅಷ್ಟೇ.

ಈಗ ಎಲ್ಲಾ ನೆನಪಾಗುತ್ತಿದೆ. ಯುಗಾದಿಗೆ ಹೋಳಿಗೆ ತಂದಳು, ಒಂದೂ ಮುರಿಯಲಿಲ್ಲ. ಅದರ ಹಿಂದಿನ ವಾರ ರಾಮ್ ಅಂಡ್ ಕೋ ಸರ್ಕಲ್ ಹತ್ತಿರ ದೋಸೆ ತಿನ್ನಲು ಹೋಗಿದ್ದೆವು. ಮೇಲಿನ ಬೆಣ್ಣೆಯನ್ನು ಪಕ್ಕಕ್ಕೆ ಸರಿಸಿ, ದೋಸೆಯನ್ನು ಚೂರು ಚೂರು ಮಾಡಿ, ಅರ್ಧ ತಿಂದು, ಸೀದಾ ಬಾತ್‌ರೂಮಿಗೆ. ನಲ್ಲಿ ಎಷ್ಟು ಹೊತ್ತು ಬಿಟ್ಟಿತ್ತು! ವಾಪಸ್ ಬಂದಾಗ ಕಣ್ಣು ಕೆಂಪು. ಮೆಣಸಿನಕಾಯಿ ಚಟ್ನಿ ಖಾರ ಅಂದಳು. ನಾನು ನಕ್ಕು, ಅವಳ ಉಳಿದ ದೋಸೆಯನ್ನೂ ಮುಗಿಸಿದೆ.

ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ, ಶನಿವಾರ ಹನುಮಪ್ಪನಿಗೆ. ಅವಳ ಅತ್ತೆ ಓಣಿಗೆಲ್ಲಾ ಹೇಳಿಕೊಂಡು ಬರುತ್ತಾರೆ, ನಮ್ಮ ಸೊಸೆ ಎಷ್ಟು ನೇಮದವಳು ಅಂತ. ಅವರನ್ನೇನು ಅನ್ನಲಿ? ಫೆಬ್ರವರಿಯ ಮದುವೆಯಲ್ಲಿ, ಎಲ್ಲರ ಮುಂದೆ, "ಎಷ್ಟು ಸಣ್ಣಗಾಗಿದೀಯೇ, ಗುಟ್ಟು ಹೇಳೇ" ಅಂದವಳು ನಾನೇ. ಎಷ್ಟು ಖುಷಿಪಟ್ಟಿದ್ದಳು.

ಎರಡು ಗಂಟೆಯಿಂದ ಕರೆಂಟಿಲ್ಲ. ಬೀಸಣಿಗೆ ಹಿಡಿದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಮೊನ್ನೆ ಮೆಟ್ಟಿಲು ಹತ್ತುವಾಗ ಎದೆ ಢವಢವ ಅಂತಿದೆ ಅಂದಿದ್ದಳು. ಪದೇ ಪದೇ ವಾಂತಿಯಾದರೆ ಮೈಯಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಬಿಸಿಲಿಗೆ ಇರಬೇಕು ಅಂದಿದ್ದೆ ನಾನು! ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಇದೆಯಲ್ಲ, ಟೆಲಿ ಮಾನಸ್, ಅದರ ನಂಬರ್ 14416 ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಚೀಟಿ ಕೊಡುವುದು ಹೇಗೆ? ನಾನು ಡಾಕ್ಟರಲ್ಲ. ನಿಜವಾಗಿಯೂ ಬಾಣಲಿಯೇ ತಾಗಿದ್ದರೆ? ಹಾಗೇ ಆಗಿರಲಿ ದೇವರೇ. ನೇರವಾಗಿ ಕೇಳಿದರೆ ನಮ್ಮನೆ ಕಡೆ ಬರುವುದನ್ನೇ ಬಿಟ್ಟಾಳು. ತಿನ್ನು ತಿನ್ನು ಅಂತ ಬಲವಂತ ಮಾಡಿದರೆ ಮತ್ತೆ ಅದೇ ನಲ್ಲಿ.

ಈಗಷ್ಟೇ ಅವಳ ಮೆಸೇಜ್: "ಬರೋ ಭಾನುವಾರ ದೋಸೆಗೆ ಹೋಗೋಣ್ವಾ?"

ಮೂರು ಸಲ ಟೈಪ್ ಮಾಡಿ ಅಳಿಸಿದೆ. ಬೇಡ ಅಂದರೆ ಯಾಕೆ ಅಂತಾಳೆ. ಹೂಂ ಅಂದರೆ, ಅಲ್ಲಿ ಅವಳು ಎದ್ದು ಹೋಗುವಾಗ ನಾನೂ ಹಿಂದೆಯೇ