ಲೈಪ್‌ಸಿಗ್‌ನಲ್ಲಿ ಒಂದು ಊಟದ ಬಿಡುವು

ಜರ್ಮನಿಯ ಲೈಪ್‌ಸಿಗ್‌ಗೆ ಬರುವವರು ಹೆಚ್ಚಾಗಿ ಸಂಗೀತಗಾರ ಬಾಖ್‌ನ ಸಮಾಧಿ ನೋಡಲು ಬರುತ್ತಾರೆ. ನಾನು ಹೋದದ್ದು ಹಳೆಯ ವಾದವೊಂದು ನಡೆದ ಕೋಟೆ ಹುಡುಕಿಕೊಂಡು: ರೋಮ್‌ನ ಪೋಪ್‌ಗೆ ಎದುರು ನಿಂತ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್, ಪೋಪ್ ಪರ ಪಂಡಿತನೊಬ್ಬನ ಜೊತೆ ಮಾಡಿದ ವಾದ. ರೈಲ್ವೆ ಸ್ಟೇಷನ್ನಿಂದ ಸುಮ್ನೆ ನಡೆದುಕೊಂಡೇ ಮಾರ್ಟಿನ್ ಲೂಥರ್ ರಿಂಗ್ ರಸ್ತೆ ತಲುಪಿದೆ. ಆದರೆ ಕೋಟೆ ಎಲ್ಲಿ? ಪ್ಲೈಸೆನ್‌ಬುರ್ಗ್ ಕೋಟೆ ಕೆಡವಿ, 1905ರಲ್ಲಿ ಹೊಸ ಪುರಭವನ ಕಟ್ಟಿ ಮುಗಿಸಿದ್ದಾರೆ. ಹಳೆಯ ಗೋಪುರದ ಬುಡ ಮಾತ್ರ ಹೊಸದರೊಳಗೆ ಉಳಿದಿದೆ. ಹೊಸ ಗೋಪುರದ ಎತ್ತರ ಸುಮಾರು 115 ಮೀಟರ್. ನೋಡಿ ನೋಡಿ ಕತ್ತು ನೋವು ಬಂತು.

1519ರ ಜೂನ್ ಕೊನೆಗೆ ವಾದ ಶುರು. ವಿಟೆನ್‌ಬರ್ಗ್ ಊರಿನಿಂದ ಲೂಥರ್, ಅವನ ಜೊತೆಗಾರ ಕಾರ್ಲ್‌ಸ್ಟಾಟ್ ಬಂದರು. ಊರೊಳಗೆ ಬರುತ್ತಲೇ ಗಾಲಿ ಮುರಿದು ಕಾರ್ಲ್‌ಸ್ಟಾಟ್ ಕೆಸರಿಗೆ ಬಿದ್ದನಂತೆ! ಎದುರಾಳಿ ಯೋಹಾನ್ ಎಕ್, ದೊಡ್ಡ ಗಂಟಲಿನ ಪಂಡಿತ.

ಜುಲೈ 4ಕ್ಕೆ ಲೂಥರ್‌ನ ಸರದಿ. ಪೋಪ್‌ನ ಅಧಿಕಾರ ದೇವರು ಕೊಟ್ಟದ್ದೋ, ಮನುಷ್ಯರು ಕೊಟ್ಟದ್ದೋ? ಕ್ರಿಸ್ತನ ಶಿಷ್ಯ, ಮೊದಲ ಪೋಪ್ ಎನ್ನಲಾಗುವ ಪೇತ್ರನೇ ಚರ್ಚ್ ನಿಂತಿರುವ ಬಂಡೆ ಎಂದ ಎಕ್. ಬಂಡೆ ಕ್ರಿಸ್ತನೇ, ರೋಮ್‌ಗೆ ತಲೆಬಾಗದ ಗ್ರೀಕ್ ಕ್ರೈಸ್ತರೂ ಕ್ರೈಸ್ತರೇ ಎಂದ ಲೂಥರ್. ಎಕ್ ಬಲೆ ಬೀಸಿದ: ಇದು ಯಾನ್ ಹುಸ್ ಆಡಿದ ಮಾತಲ್ವಾ?

ಹುಸ್ ಪ್ರಾಗ್‌ನ ಚೆಕ್ ಬೋಧಕ. ಕಾನ್‌ಸ್ಟನ್ಸ್ ಊರಿನಲ್ಲಿ ಸೇರಿದ ಚರ್ಚ್ ಮಹಾಸಭೆಯ ತೀರ್ಪಿನ ಮೇಲೆ 1415ರಲ್ಲಿ ಅವನನ್ನು ಜೀವಂತ ಸುಟ್ಟರು. ಲೈಪ್‌ಸಿಗ್‌ನಲ್ಲಿ ಆ ಹೆಸರು ಕೇಳಿದರೇ ಮೈ ಉರಿ. ಇಲ್ಲಿನ ವಿಶ್ವವಿದ್ಯಾಲಯ ಹುಟ್ಟಿದ್ದೇ 1409ರಲ್ಲಿ, ಪ್ರಾಗ್‌ನ ವಿಶ್ವವಿದ್ಯಾಲಯದಲ್ಲಿ ಹುಸ್ ಮತ್ತವನ ಕಡೆಯ ಚೆಕ್ಕರ ಕೈ ಮೇಲಾದಾಗ ಎದ್ದು ಬಂದ ಜರ್ಮನ್ ಮೇಷ್ಟ್ರುಗಳಿಂದ.

ಊಟಕ್ಕೆ ಬಿಡುವು ಬಂತು. ಆಗ ಲೂಥರ್ ಹೋಗಿ ಮಹಾಸಭೆಯ ಕಡತ ಓದಿದನಂತೆ. ತಿರುಗಿ ಬಂದು, ಹುಸ್‌ನ ಮಾತುಗಳಲ್ಲಿ ಹಲವು ಅಪ್ಪಟ ಕ್ರೈಸ್ತ ಮಾತುಗಳೇ ಎಂದುಬಿಟ್ಟ. ಕೇಳಿದ ಈ ಸೀಮೆಯ ದೊರೆ ಗೇಯೋರ್ಗ್ ಸೊಂಟಕ್ಕೆ ಕೈಯಿಟ್ಟು ಶಾಪ ಹಾಕಿದನಂತೆ.

ನನಗೆ ಪೋಪ್ ವಿಷಯಕ್ಕಿಂತ ಈ ಮಾತೇ ಜಾಸ್ತಿ ದೊಡ್ಡದು. ಹಿಂದಿನ ನವೆಂಬರ್‌ನಲ್ಲಿ ಇದೇ ಲೂಥರ್, ಪೋಪ್ ಬೇಡ, ಮಹಾಸಭೆ ತೀರ್ಮಾನಿಸಲಿ ಎಂದು ಮನವಿ ಹಾಕಿದ್ದ. ಪೋಪ್‌ಗಿಂತ ಮಹಾಸಭೆ ಮೇಲು ಎಂದು ಸಾರಿದ್ದೂ ಕಾನ್‌ಸ್ಟನ್ಸೇ. ಹುಸ್‌ನನ್ನು ಸುಡಿಸಿದ ಆ ಮಹಾಸಭೆಯೇ ತಪ್ಪಿದ್ದರೆ ಇನ್ನು ಯಾವ ಕೋರ್ಟಿಗೆ ಹೋಗುವುದು? ಬೈಬಲ್ ಒಂದೇ ಉಳಿಯಿತು.

ಅಲ್ಲಿ ತೀರ್ಪೇನೂ ಬರಲಿಲ್ಲ. ದೊರೆಗೆ ದೊಡ್ಡ ಅತಿಥಿ ಬರುವವರಿದ್ದರು, ಹಾಲ್ ಖಾಲಿ ಬೇಕಿತ್ತು. ವಾದ ಮುಗಿಸಿದರು, ಅಷ್ಟೇ!

ಗೇಯೋರ್ಗ್ ಬದುಕಿರುವ ತನಕ ಈ ಊರು ಲೂಥರ್‌ನ ಕಡೆ ವಾಲಲಿಲ್ಲ. 1539ರಲ್ಲಿ ಆತ ಸತ್ತ. ಮರುತಿಂಗಳೇ ಲೂಥರ್ ಬಂದು ಥಾಮಸ್ ಚರ್ಚ್‌ನಲ್ಲಿ ಪ್ರಸಂಗ ಮಾಡಿದ. ನಾನೂ ಅಲ್ಲಿಗೆ ಹೋದೆ. ಎಲ್ಲರೂ ಬಾಖ್‌ನ ಸಮಾಧಿಯ ಫೋಟೊ ತೆಗೆಯುತ್ತಿದ್ದರು. ನಾನೂ ಒಂದು ತೆಗೆದೆ.